ಸುಖಾಗಮನ ಬಯಸುವ ವೆಬ್‌ಸೈಟು

‘ಅಕ್ಕಾ, ನಮ್ ರೂಮಿಗೆ ಉಳ ಬತ್ತವೆ ಕಣಕ್ಕಾ’ ಎಂದಳು ಸವಿತಾ ಫೋನಿನಲ್ಲಿ. ಅದಕ್ಕೇನಂತೆ, ಬೇವಿನ ಸೊಪ್ಪಿನ ಹೊಗೆ ಹಾಕು ಎಂದೆ. ಅವಳು ಅಳುವುದಕ್ಕೇ ಶುರು ಮಾಡಿದಳು.

ಸವಿತಾ ನನ್ನ ಚಿಕ್ಕಮ್ಮನ ಮಗಳು. ಕೊಕ್ಕರೆ ಬೆಳ್ಳೂರಿಗೆ ಕೊಟ್ಟಿದೆ. ಹೋದ ವರ್ಷ ಹಟ ಹಿಡಿದು ಮನೆಯ ಹಿಂದೆ ಎರಡು ರೂಮು ಕಟ್ಟಿಸಿದಳು, ಹಕ್ಕಿ ನೋಡಲು ಬರುವವರು ಉಳಿಯಲಿ ಎಂದು. ಹಕ್ಕಿಗಳು ಬಂದವು, ಗೂಡು ಕಟ್ಟಿದವು. ಕ್ಯಾಮೆರಾ ಹಿಡಿದವರೂ ಬಂದರು. ಫೋಟೊ ತೆಗೆದುಕೊಂಡು, ಮದ್ದೂರಿನಲ್ಲಿ ಕಾಫಿ ಕುಡಿದು, ಕಾರು ಹತ್ತಿ ಹೋದರು. ರೂಮಿನ ಬೀಗ ಮಾತ್ರ ಒಮ್ಮೆಯೂ ತೆಗೆಯಲಿಲ್ಲ.

ಅವಳ ಮೈದುನ ಶಿವಣ್ಣ ರೇಷ್ಮೆ ಹುಳು ಸಾಕುತ್ತಾನೆ. ಖಾಲಿ ರೂಮು ಕಂಡರೆ ಅವನಿಗೆ ಹುಳುವಿನ ತಟ್ಟೆಗಳೇ ಕಾಣುತ್ತವೆ. ಅತ್ತೆ ನಿಂಗಮ್ಮ ತೀರ್ಪು ಕೊಟ್ಟಾಗಿತ್ತು: ‘ಸಿವರಾತ್ರಿ ಗಂಟ ನೋಡಾಣ. ಆಗ್ಲೂ ಯಾರೂ ಬರ್ನಿಲ್ಲ ಅಂದ್ರೆ ಸಿವಣ್ಣ ತಟ್ಟೆ ಜೋಡಿಸ್ಕಳ್ಲಿ.’

‘ವೆಬ್‌ಸೈಟ್ ಮಾಡಿಸಿದ್ದೆಯಲ್ಲೇ?’ ಎಂದೆ.

‘ಅದೇನೋ ಚೆನ್ನಾಗೈತೆ. ನಮ್ ಮಾವ ದಿನಾ ನೋಡ್ತಾರೆ.’

ಮಾವ ದಿನಾ ನೋಡುತ್ತಾರೆ! ನನಗೆ ಆಗಲೇ ಅನುಮಾನ ಬಂತು.

(ನಮ್ಮ ನೆಂಟರ ಲೆಕ್ಕದಲ್ಲಿ ನಾನು ಕಂಪ್ಯೂಟರ್ ಎಕ್ಸ್‌ಪರ್ಟ್. ಈ ಅಂಕಣವನ್ನು ನಾನೇ ಟೈಪ್ ಮಾಡಿ ಕಳಿಸುತ್ತೇನೆ ಅನ್ನುವುದೇ ಅದಕ್ಕೆ ಆಧಾರ. ಆದರೂ ಒಂದಿಷ್ಟು ಓದಿಕೊಂಡಿದ್ದೇನೆ, ಸುಳ್ಳಲ್ಲ.)

ಭಾನುವಾರ ಮಂಡ್ಯದಿಂದ ಬಸ್ಸು ಹತ್ತಿದೆ. ಮಾವ ಚಿಕ್ಕತಾಯಪ್ಪ ನಿವೃತ್ತ ಮೇಷ್ಟ್ರು. ನಾನು ಚಪ್ಪಲಿ ಬಿಡುವುದರೊಳಗೆ ಮೊಬೈಲ್ ತಂದು ಒಂದೇ ಬೆರಳಲ್ಲಿ ತಮ್ಮ ಹೆಸರು, ಡಿಗ್ರಿ, ‘ನಿವೃತ್ತ’ ಎಲ್ಲ ಒತ್ತಿದರು. ಸೈಟು ಪಟ್ಟಂತ ಮೇಲೆ ಬಂತು.

‘ನೋಡವ್ವ, ಇಡೀ ಪರ್ಪಂಚದಲ್ಲಿ ನಮ್ದೇ ಫಸ್ಟು’ ಎಂದರು.

ನಿಜ. ಆದರೆ ಇಡೀ ಪ್ರಪಂಚದಲ್ಲಿ ಚಿಕ್ಕತಾಯಪ್ಪನವರನ್ನು ಹುಡುಕುವವರು ಎಷ್ಟು ಜನ? ಅವರೊಬ್ಬರೇ! ನಾನು ನನ್ನ ಫೋನಿನಲ್ಲಿ ‘ಕೊಕ್ಕರೆ ಬೆಳ್ಳೂರು, ಉಳಿಯಲು ರೂಮು’ ಎಂದು ಹುಡುಕಿದೆ. ಮೈಸೂರಿನ ಹೋಟೆಲುಗಳು ಬಂದವು. ಯಾವುದೋ ರೆಸಾರ್ಟು ಬಂತು. ಐದನೇ ಪುಟದವರೆಗೆ ಹೋದರೂ ಸವಿತಾಳ ರೂಮು ಬರಲಿಲ್ಲ. ಐದನೇ ಪುಟದವರೆಗೆ ಯಾವ ಗಿರಾಕಿ ಹೋಗುತ್ತಾನೆ ಹೇಳಿ? ಅಷ್ಟು ಹೊತ್ತಿಗೆ ಅವನು ಮೈಸೂರು ತಲುಪಿರುತ್ತಾನೆ.

ಸೈಟು ತೆರೆದೆ. ಹೆಸರಿದ್ದ ಜಾಗದಲ್ಲಿ ‘ಶ್ರೀ ಮಾರಮ್ಮ ಪ್ರಸನ್ನ’. ಕೆಳಗೆ ಎರಡು ಬಾಳೆಕಂದು. ಆಮೇಲೆ ‘ತಮ್ಮ ಸುಖಾಗಮನ ಬಯಸುವ’ ಎಂದು ಶುರುವಾಗಿ ನಲವತ್ತಮೂರು ನೆಂಟರ ಹೆಸರು, ಹುದ್ದೆ ಸಮೇತ. ಕೊನೆಯಲ್ಲಿ ಮಕ್ಕಳು: ‘ನಮ್ಮತ್ತೆ ರೂಮಿಗೆ ತಪ್ಪದೇ ಬನ್ನಿ’.

ಯಾರು ಮಾಡಿದ್ದು ಎಂದೆ. ಮದ್ದೂರಿನಲ್ಲಿ ಇವರ ಮನೆಯ ಅಷ್ಟೂ ಲಗ್ನಪತ್ರಿಕೆ ಅಚ್ಚು ಹಾಕಿದ ಪ್ರೆಸ್ಸಿನವನಂತೆ. ಈಗ ವೆಬ್‌ಸೈಟೂ ಮಾಡುತ್ತಾನಂತೆ. ಪಾಪ, ಗೊತ್ತಿದ್ದದ್ದನ್ನು ಮಾಡಿದ್ದಾನೆ. ರೂಮಿನ ವಿಚಾರ, ಊಟದ ವಿಚಾರ, ದಾರಿ, ಫೋನ್ ನಂಬರು ಎಲ್ಲವನ್ನೂ ಒಂದು ಚಂದದ ಚಿತ್ರದೊಳಗೆ ಬರೆದು ಅಂಟಿಸಿದ್ದ. ಚಿತ್ರದೊಳಗಿನ ಅಕ್ಷರವನ್ನು ಸರ್ಚ್ ಎಂಜಿನ್ ನೆಚ್ಚಿಕೊಳ್ಳುವುದಿಲ್ಲ. ಅದು ಓದುವುದು ಟೈಪ್ ಮಾಡಿದ್ದನ್ನು. ಟೈಪ್ ಮಾಡಿದ್ದು ಯಾವುದನ್ನು? ನಲವತ್ತಮೂರು ಹೆಸರನ್ನು.

‘ಹೆಸರುಗಳನ್ನು ತೆಗೆಯಬೇಕು’ ಎಂದೆ.

ಸವಿತಾ ನೆಲ ನೋಡಿದಳು. ಶಿವಣ್ಣ ಮಾತ್ರ ನಕ್ಕ.

ನಿಮಗೆ ಗೊತ್ತಲ್ಲ, ನಮ್ಮ ಕಡೆ ಲಗ್ನಪತ್ರಿಕೆಯಲ್ಲಿ ಹೆಸರು ಬಿಡುವುದೂ ಒಂದೇ, ಕೋರ್ಟಿಗೆ ಹೋಗುವುದೂ ಒಂದೇ. (ನನ್ನ ದೊಡ್ಡಪ್ಪನ ಹೆಸರು ಒಮ್ಮೆ ಭಾವನ ಹೆಸರಿನ ಕೆಳಗೆ ಬಂದಿತ್ತು. ಎಲೆ ಮುಂದೆ ಕೂತವರು ಉಪ್ಪೂ ಮುಟ್ಟದೆ ಎದ್ದು ಬಂದರು.)

‘ಎಸ್ರು ತಗ್ದಾಕ್ಬುಟ್ರೆ ನಾಳೆ ನಾನು ಯಾರ್ ಮಕ ನೋಡ್ಲವ್ವ?’ ಎಂದರು ಚಿಕ್ಕತಾಯಪ್ಪ. ‘ಅದರ ಬದ್ಲು “ಕೊಕ್ಕರೆ ಬೆಳ್ಳೂರು ರೂಮು” ಅಂತ ನೂರು ಸಲ ಬಿಳಿ ಅಕ್ಸರದಲ್ಲಿ ಬರ್ದುಬುಡು. ಓದೋರ್ಗೆ ಕಾಣಾಕಿಲ್ಲ, ಎಂಜಿನ್‌ಗೆ ಕಾಣ್ತದಂತೆ.’

ಮೇಷ್ಟ್ರೇ ಕಾಪಿ ಹೊಡೆಯಲು ಹೇಳಿಕೊಟ್ಟರೆ? ಅದು ಬಹಳ ಹಳೆಯ ಕಳ್ಳಾಟ, ಸಿಕ್ಕಿಬಿದ್ದರೆ ಸೈಟನ್ನೇ ಮೂಲೆಗೆ ತಳ್ಳುತ್ತಾರೆ ಎಂದು ವಿವರಿಸಿದೆ. ಕಡೆಗೆ ರಾಜಿಯಾಯಿತು. ಮಾರಮ್ಮ ಪುಟದೊಳಗೆ ಮೇಲೇ ಇರುತ್ತಾಳೆ. ಸೈಟಿನ ಶೀರ್ಷಿಕೆ ಮಾತ್ರ ‘ಕೊಕ್ಕರೆ ಬೆಳ್ಳೂರಿನಲ್ಲಿ ಉಳಿಯಲು ರೂಮು, ಮನೆ ಊಟ’. ನಲವತ್ತಮೂರು ಜನಕ್ಕೂ ‘ನಮ್ಮ ಕುಟುಂಬ’ ಎಂಬ ಬೇರೆ ಪುಟ. ಅದರಲ್ಲಿ ಚಿಕ್ಕತಾಯಪ್ಪನವರ ಫೋಟೊ, ದೊಡ್ಡದು.

ಆಮೇಲೆ ನಾನು ಬರೆಯಲು ಕೂತೆ. ‘ಪ್ರಕೃತಿಯ ಮಡಿಲಲ್ಲಿ ಅವಿಸ್ಮರಣೀಯ ಅನುಭವ...’

‘ಅದ್ಯಾಕಮ್ಮ?’ ಎಂದರು ನಿಂಗಮ್ಮ. ಪಕ್ಕದಲ್ಲೇ ಅವರೆಕಾಳು ಬಿಡಿಸುತ್ತ ಕೂತಿದ್ದರು. ‘ಕಾರ್ನಲ್ಲಿ ಬರೋರು ದಿನಾ ನನ್ನ ತಾವ ನಿಂತ್ಕಂಡು ಕೇಳ್ತಾರೆ. ಯಾರೂ ಮಡ್ಲು ಗಿಡ್ಲು ಕೇಳಾಕಿಲ್ಲ.’

‘ಮತ್ತೇನು ಕೇಳ್ತಾರೆ?’

‘ಕೊಕ್ಕರೆ ಯಾವ್ ತಿಂಗ್ಳು ಮರಿ ಮಾಡ್ತವೆ? ಬೆಳಗ್ಗೆ ಎಷ್ಟೊತ್ಗೆ ಬಂದ್ರೆ ಚೆಂದಾಗಿ ಕಾಣ್ತವೆ? ಕಾರ್ ನಿಲ್ಸಾಕೆ ಜಾಗ ಐತಾ? ವಯಸ್ಸಾದ ಅಮ್ಮ ಅವ್ರೆ, ಮಂಡಿ ನೋವು, ಕುರ್ಚಿ ತರ ಕೂತ್ಕಳೋ ಕಕ್ಕಸ್ ಐತಾ? ಇಷ್ಟೇ ಕಣಮ್ಮ.’

ನಾಚಿಕೆಯಾಯಿತು. ನಾನು ಎಷ್ಟೋ ಸಂಜೆ ಕೂತು ಓದಿದ ಸರ್ಚ್ ಎಂಜಿನ್ ಆಪ್ಟಿಮೈಸೇಶನ್, ಅಂದರೆ ಹುಡುಕುವವರಿಗೆ ನಮ್ಮ ಸೈಟು ಮೊದಲು ಸಿಗುವಂತೆ ಮಾಡುವ ವಿದ್ಯೆ, ಪೂರ್ತಿ ಇಷ್ಟೇ. ಜನ ಏನು ಕೇಳುತ್ತಾರೋ ಅದನ್ನು ಅವರದೇ ಮಾತಿನಲ್ಲಿ ಬರೆಯಿರಿ, ಕೆಳಗೆ ನೆಟ್ಟಗೆ ಉತ್ತರ ಕೊಡಿ. ಫೋಟೊಗೆ ಕ್ಯಾಮೆರಾ ತಾನೇ ಕೊಟ್ಟ ‘ಐಎಂಜಿ ೦೦೪೭’ ಅನ್ನುವ ಹೆಸರಿನ ಬದಲು ಅದರಲ್ಲಿ ಏನಿದೆಯೋ ಆ ಹೆಸರಿಡಿ. ಮ್ಯಾಪಿನಲ್ಲಿ ಜಾಗ ಗುರುತು ಮಾಡಿ, ನಂಬರು ಹಾಕಿ. ಬಂದು ಉಳಿದವರನ್ನು ಎರಡು ಸಾಲು ಅಭಿಪ್ರಾಯ ಬರೆಯಿರಿ ಎಂದು ಕೇಳಿ. ನಲವತ್ತಮೂರು ನೆಂಟರ ಕೈಲಿ ಒಂದೇ ದಿನ ಐದೈದು ಸ್ಟಾರ್ ಹಾಕಿಸಬೇಡಿ, ಯಾರೂ ನಂಬುವುದಿಲ್ಲ. ಆಮೇಲೆ ಕಾಯಿರಿ. ಇದು ಸೊಪ್ಪಿನ ಮಡಿಯಲ್ಲ, ನಾಳೆಯೇ ಚಿಗುರುವುದಿಲ್ಲ.

ನಿಂಗಮ್ಮ ಹೇಳಿದ್ದನ್ನು ಹೇಳಿದಂತೆ ಬರೆದೆ. ಪ್ರೆಸ್ಸಿನವನು, ಒಳ್ಳೆಯವನು, ಬೇಸರಿಸಿಕೊಳ್ಳದೆ ಸೇರಿಸಿಕೊಟ್ಟ. ಒಂದು ವಾರ ಏನೂ ಆಗಲಿಲ್ಲ. ಎರಡು ವಾರ, ಏನೂ ಇಲ್ಲ. ಶಿವಣ್ಣ ಟೇಪು ಹಿಡಿದು ರೂಮು ಅಳೆದ ಎಂದು ಸವಿತಾ ಫೋನ್ ಮಾಡಿದಳು. ನಾನು ಧೈರ್ಯ ಹೇಳಿದೆನೇ ಹೊರತು ನನಗೂ ಧೈರ್ಯವಿರಲಿಲ್ಲ.

ಶಿವರಾತ್ರಿಗೆ ಐದು ದಿನ ಇದ್ದಾಗ ಬೆಂಗಳೂರಿನಿಂದ ಒಬ್ಬರು ಕರೆ ಮಾಡಿದರು. ಮಂಡಿ ನೋವಿನ ತಾಯಿ, ಹಕ್ಕಿ ನೋಡುವ ಆಸೆ. ಬೇರೆ ಎಲ್ಲೂ ಬಾತ್‌ರೂಮಿನ ವಿಚಾರವನ್ನು ಇಷ್ಟು ಬಿಡಿಸಿ ಬರೆದಿರಲಿಲ್ಲವಂತೆ. ಬಂದರು, ಎರಡು ದಿನ ಉಳಿದರು, ಹೋದ ಮೇಲೆ ಎರಡು ಸಾಲು ಒಳ್ಳೆಯ ಮಾತು ಬರೆದರು. ಮುಂದಿನ ವಾರ ಮೈಸೂರಿನವರು. ಶಿವಣ್ಣ ಹಳೇ ಕೊಟ್ಟಿಗೆಗೆ ಸುಣ್ಣ ಹೊಡೆಸುತ್ತಿದ್ದಾನಂತೆ, ತಟ್ಟೆ ಅಲ್ಲೇ ಜೋಡಿಸಲು.

ಮೊನ್ನೆ ನಾನು ಅಲ್ಲಿದ್ದಾಗಲೇ ನಿಂಗಮ್ಮನ ಸ್ವಂತ ತಮ್ಮ ಮಳವಳ್ಳಿಯಿಂದ ಬ್ಯಾಗು ಹಿಡಿದು ಬಂದರು. ಎರಡೂ ರೂಮು ಭರ್ತಿ. ನಿಂಗಮ್ಮ ತಮ್ಮನಿಗೆ ನೀರು ಕೊಟ್ಟು, ಪಡಸಾಲೆಯಲ್ಲಿ ಚಾಪೆ ಹಾಸಿ, ತಣ್ಣಗೆ ಹೇಳಿದರು:

‘ಇನ್ಮೇಕೆ ಬರೋವಾಗ ವೆಬ್‌ಸೈಟ್ನಾಗೆ ನೋಡ್ಕಂಡು ಬಾಪ್ಪ.’