ಎರಡು ಸಲ ತಿರುಗಿದ ಹನ್ನೊಂದು ಪ್ರಶ್ನೆಗಳು

ಬೆಳಗಿನ ಐದೂವರೆ. ಬಸ್ ಡಿಪೋದ ವಿಶ್ರಾಂತಿ ಕೋಣೆಯ ಬಾಗಿಲಲ್ಲಿ ಪ್ಲಾಸ್ಟಿಕ್ ಸ್ಟೂಲು ಹಾಕಿಕೊಂಡು ಸಂಶೋಧನಾ ವಿದ್ಯಾರ್ಥಿನಿ ಕೂತಿದ್ದಾಳೆ. ರಾತ್ರಿ ಪಾಳಿ ಮುಗಿಸಿ ಬರುವ ಚಾಲಕರಿಗೆಲ್ಲ ಇವಳು ‘ಪ್ರಶ್ನೆ ಅಕ್ಕ’. ಇವತ್ತು ಬಂದಿರುವುದು ಪ್ರಶ್ನೆ ಕೇಳಲಿಕ್ಕಲ್ಲ, ಧನ್ಯವಾದ ಹೇಳಿ ಹೋಗಲಿಕ್ಕೆ. ಹತ್ತು ಗಂಟೆಗೆ ಅವಳ ವರದಿ ಆಡಳಿತದ ಮುಂದೆ ಬರುತ್ತದೆ.

ಕೆಲಸ ಮನುಷ್ಯನನ್ನು ಎಷ್ಟು ಹಿಂಡುತ್ತದೆ ಎಂದು ಅಂಕಿಯಲ್ಲಿ ಅಳೆಯುವುದು ಇವಳ ಕಸುಬು. ಮೂರು ವರ್ಷ, ನಾನೂರ ಹನ್ನೆರಡು ಚಾಲಕರು, ತಲಾ ಮೂವತ್ತೆರಡು ಪ್ರಶ್ನೆ, ಪ್ರತಿ ಪ್ರಶ್ನೆಗೂ ಒಂದರಿಂದ ಐದರವರೆಗಿನ ಒಂದು ಅಂಕಿಗೆ ಸುತ್ತು. ಹದಿಮೂರು ಸಾವಿರ ಚಿಲ್ಲರೆ ಉತ್ತರಗಳನ್ನು ಒಬ್ಬಳೇ ಕಂಪ್ಯೂಟರಿಗೆ ತುಂಬಿದ್ದಾಳೆ. “ಓದು ಯಾವಾಗ ಮುಗಿಯುತ್ತೆ ಅಂತ ಕೇಳೋದನ್ನ ಅಮ್ಮ ಬಿಟ್ಟೇಬಿಟ್ಳು. ಈಗ ಊಟ ಆಯ್ತಾ ಅಂತಷ್ಟೇ ಕೇಳ್ತಾಳೆ” ಎಂದು ನಗುತ್ತಾಳೆ.

ರಾತ್ರಿ ಪಾಳಿಯವರಿಗೆ ದಣಿವು ಕಡಿಮೆ ಎನ್ನುತ್ತದೆ ವರದಿ. ಸಾರಾಂಶ ಆಗಲೇ ಸೂಚನಾಫಲಕದಲ್ಲಿದೆ. ಅದನ್ನೇ ನೆಚ್ಚಿಕೊಂಡು ಪಾಳಿಗಳ ನಡುವಿನ ಹತ್ತು ಗಂಟೆಯ ಬಿಡುವನ್ನು ಏಳಕ್ಕೆ ಇಳಿಸಲು ಆಡಳಿತ ತುದಿಗಾಲಲ್ಲಿ ನಿಂತಿದೆ.

ಕಣ್ಣು ಕೆಂಪಗಾದ ಹಿರಿಯ ಚಾಲಕರೊಬ್ಬರು ಸ್ಟೂಲಿನ ಎದುರು ನಿಲ್ಲುತ್ತಾರೆ. “ಅಲ್ಲಮ್ಮ, ನಮಗೆ ಸುಸ್ತೇ ಆಗಲ್ವಂತೆ? ‘ಕೆಲಸ ಮುಗಿದ ಮೇಲೂ ಉತ್ಸಾಹ ಇರುತ್ತಾ’ ಅಂತ ಕೇಳಿದ್ಯಲ್ಲ, ನಾವೆಲ್ಲ ಒಂದಕ್ಕೇ ಸುತ್ತು ಹಾಕಿದ್ವಿ. ಆ ಸುತ್ತೆಲ್ಲ ಎಲ್ಲಿಗೆ ಹೋಯ್ತು?”

ಅವಳು ತೊಡೆಯ ಮೇಲೇ ಲ್ಯಾಪ್‌ಟಾಪ್ ತೆರೆಯುತ್ತಾಳೆ. ಇಪ್ಪತ್ತೊಂದು ಪ್ರಶ್ನೆಗಳಲ್ಲಿ ಐದು ಎಂದರೆ ಸುಸ್ತು. ಉಳಿದ ಹನ್ನೊಂದರಲ್ಲಿ ಐದು ಎಂದರೆ ಉತ್ಸಾಹ. ಕೂಡುವ ಮೊದಲು ಆ ಹನ್ನೊಂದನ್ನು ತಿರುಗಿಸಬೇಕು: ಒಂದನ್ನು ಐದು, ಐದನ್ನು ಒಂದು. ರಾತ್ರಿ ಪಾಳಿಯ ಹಾಳೆಗಳನ್ನು ತುಂಬುವಾಗಲೇ ಅವಳು ಕೈಯಾರೆ ತಿರುಗಿಸಿದ್ದಳು. ಅದು ಮರೆತುಹೋಗಿ, ಪ್ರೋಗ್ರಾಮಿನಲ್ಲಿ ಮತ್ತೊಮ್ಮೆ ತಿರುಗಿಸಿದ್ದಾಳೆ. ದಣಿವಿನ ಅಂಕ ಧೊಪ್ಪನೆ ಬಿದ್ದಿದೆ. ಇಂಥ ತಪ್ಪು ಮಾಡಲಿಕ್ಕೂ ಇಷ್ಟು ಓದಿರಬೇಕು ನೋಡಿ, ಕರ್ಮ!

ಮಾರ್ಗದರ್ಶಕಿಗೆ ಫೋನ್ ಮಾಡಿ ತಪ್ಪು ಒಪ್ಪಿಕೊಳ್ಳುತ್ತಾಳೆ. “ಈಗ ಬಾಯಿಬಿಟ್ರೆ ಮುಂದಿನ ತಿಂಗಳು ಪ್ರಬಂಧ ಸಲ್ಲಿಸೋ ಮಾತೇ ಇಲ್ಲ. ಅರ್ಧಕ್ಕರ್ಧ ಮತ್ತೆ ಬರೀಬೇಕು. ಯೋಚ್ನೆ ಮಾಡು” ಎನ್ನುತ್ತಾರೆ ಅವರು.

“ಮಾಡಿದ್ದೀನಿ ಮೇಡಂ.”

ಹತ್ತು ಗಂಟೆಗೆ ಆರು ಮಂದಿ ಅಧಿಕಾರಿಗಳ ಎದುರು ನಿಲ್ಲುತ್ತಾಳೆ. “ಚಾಲಕ್ರು ಸರಿಯಾಗೇ ಹೇಳಿದ್ರು ಸಾರ್. ಕೂಡಿದ್ದು ತಪ್ಪು. ಕೂಡಿದ್ದು ನಾನು.”

“ಮೂರು ವರ್ಷ ಓದಿ ಇಷ್ಟೇನಾ?” ಎಂದು ಒಬ್ಬರು ಕುಟುಕುತ್ತಾರೆ. ಅವಳ ಮುಖ ಕೆಂಪಾಗುತ್ತದೆ. ಆದರೂ ಜಾಗ ಬಿಟ್ಟು ಕದಲುವುದಿಲ್ಲ, ತಿದ್ದಿದ ಲೆಕ್ಕವನ್ನು ಸಾಲುಸಾಲಾಗಿ ತೋರಿಸುತ್ತಾಳೆ. ಎರಡು ಗಂಟೆ ವಾದ ನಡೆದ ಮೇಲೆ ಪ್ರಸ್ತಾಪ ಕೈಬಿಡುತ್ತಾರೆ. ಬಿಡುವು ಹತ್ತೇ ಗಂಟೆ.

ಹನ್ನೆರಡೂವರೆಗೆ ಸ್ಟೂಲು ತೆಗೆದುಕೊಳ್ಳಲು ಮರಳುತ್ತಾಳೆ. ಕೆಂಪು ಕಣ್ಣಿನ ಚಾಲಕರು ಮಂಚದ ಮೇಲೆ ಗೊರಕೆ ಹೊಡೆಯುತ್ತಿದ್ದಾರೆ. ಡಾಕ್ಟರೇಟ್ ಒಂದು ವರ್ಷ ಹಿಂದಕ್ಕೆ ಹೋಯಿತಲ್ಲ, ಬೇಜಾರಿಲ್ಲವೇ ಎಂದು ಕೇಳಿದರೆ ತುಟಿಯ ಮೇಲೆ ಬೆರಳಿಡುತ್ತಾಳೆ.

“ಬೇಜಾರಿದೆ. ಮೆಲ್ಲಗೆ ಮಾತಾಡಿ. ಅವ್ರು ಏಳೋಕೆ ಇನ್ನೂ ಮೂರು ಗಂಟೆ ಇದೆ.”