ದೇಸಾಯರ ಗಾಡಿಯ ಕಮಾನು

ಲಕ್ಕಲಕಟ್ಟಿಯಲ್ಲಿ ನನ್ನ ಎಣ್ಣೆ ಅಂಗಡಿಯ ಎದುರಿಗೇ ಅವನ ಕುಲುಮೆ. ಆನೆಮರಿಯಂಥ ಮೈಯ ಕಮ್ಮಾರ. ಯಾರು ಏನೇ ಹೇಳಲಿ, ಒಂದು ಕಣ್ಣು ಮುಚ್ಚಿ, ಮಸಿಗೈಯಿಂದ ಮೂಗು ಒರೆಸಿಕೊಂಡು, "ನೀವು ಹೇಳಿದ ಮ್ಯಾಲ ಮುಗೀತ್ರಿ" ಅನ್ನುತ್ತಿದ್ದ. ವಾರಕ್ಕೊಮ್ಮೆ ಗಜೇಂದ್ರಗಡದ ಸಂತೆಗೆ ನಡೆದು ಹೋಗಿ ಬಂದ ದಿನ ಮಾತ್ರ ಮೊಣಕಾಲು ನೀವಿಕೊಳ್ಳುತ್ತ ಹಾದಿಯನ್ನು ಬೈಯುತ್ತಿದ್ದ.

ಒಮ್ಮೆ ನಮ್ಮೂರ ದೇಸಾಯರು ತಮ್ಮ ಹಳೆಯ ಕುದುರೆಗಾಡಿ ತಂದರು. ಅಡಿಯಲ್ಲಿ ಕುಲುಕು ತಡೆಯುವ ಉಕ್ಕಿನ ಕಮಾನುಗಳು ಸವೆದು ಚಪ್ಪಟೆಯಾಗಿದ್ದವು. ಹೊಸ ಕಮಾನಿಗೆ ಎಷ್ಟು ಪಟ್ಟಿ ಜೋಡಿಸಬೇಕೆಂಬುದು ಕೂರುವವರ ಭಾರದ ಮೇಲೆ. ಕಮ್ಮಾರ ತೂಕ ಕೇಳಿದ. ದೇಸಾಯರು ನುಗ್ಗೆಕಾಯಿಯಂತಿದ್ದರು; ಆದರೆ ಭಾರವೆಂದರೆ ದೊಡ್ಡಸ್ತಿಕೆ, ಸುತ್ತ ಜನ ಬೇರೆ ನಿಂತಿದ್ದರು.

"ಎರಡು ಜೋಳದ ಚೀಲದಷ್ಟು ಅದೀನಿ" ಎಂದರು.

"ನೀವು ಹೇಳಿದ ಮ್ಯಾಲ ಮುಗೀತ್ರಿ."

ಹೊಸ ಕಮಾನು ದೇಸಾಯರ ಭಾರಕ್ಕೆ ಒಂದು ಚೂರೂ ಬಾಗಲಿಲ್ಲ. ಗಾಡಿ ಹುರಿಯುವ ಬಾಣಲೆಯಾಯಿತು, ಅವರು ಒಳಗೆ ಸಿಡಿಯುವ ಜೋಳದ ಅಳ್ಳಾದರು. ಮರುದಿನವೇ ರುಮಾಲು ಕೈಯಲ್ಲಿ ಹಿಡಿದು ಬಂದರು.

"ತೂಕ ಕಡಿಮಿ ಐತಿ ಅಂತ ಹೇಳ್ರಿ, ಎರಡು ಪಟ್ಟಿ ಬಿಚ್ಚತೀನಿ" ಎಂದು ಕಮ್ಮಾರ ಓಣಿಗೇ ಕೇಳುವಂತೆ ಕೂಗಿದ.

ದೇಸಾಯರು ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ಬ್ಯಾರೆ ಹಾದಿ ಇಲ್ಲೇನೋ?"

"ಕಡಿಮಿ ಬಿದ್ದ ಭಾರ ಬಾಜೂಕ ಕುಂಡ್ರಿಸಿಕೊಂಡ್ರ ಆತ್ರಿ."

"ಅಷ್ಟು ಭಾರದವ್ರು ಊರಾಗ ಯಾರ ಅದಾರೋ?"

ಕಮ್ಮಾರ ಒಂದು ಕಣ್ಣು ಮುಚ್ಚಿ ಮೂಗು ಒರೆಸಿಕೊಂಡ. ಆಮೇಲೆ ಅವನು ಸಂತೆಗೆ ನಡೆದು ಹೋದದ್ದನ್ನು ನಾನು ಕಂಡಿಲ್ಲ.