ಕೆಂಪು ದೀಪ ನೋಡಿ ಬರುವ ಹುಡುಗಿ

ಎರಡು ತಿಂಗಳ ಹಿಂದೆ ಒಂದು ಬೆಳಗ್ಗೆ ಕೂನೂರು ಪಕ್ಕದ ನಮ್ಮ ಹುಬ್ಬತಲೈ ಹಟ್ಟಿಯಲ್ಲಿ ಜೋರು ಗಾಳಿ ಬೀಸಿ ಕೇಬಲ್ ಟಿವಿ ನಿಂತುಹೋಯಿತು. ಹಟ್ಟಿಯೆಲ್ಲ ಗೊಣಗಿತು. ನಾನೊಬ್ಬಳು ಅಡುಗೆಮನೆಗೆ ಹೋಗಿ ದೇವರಿಗೆ ಕೈ ಮುಗಿದೆ.

ಯಾಕೆ ಅಂತೀರಾ? ನನ್ನ ಮಗಳು ಸುಮಾ ಎದ್ದಾಗಿನಿಂದ ಮಲಗುವ ತನಕ ಆ ಪೆಟ್ಟಿಗೆಯ ಮುಂದೆ. ಪಕ್ಕದಲ್ಲಿ ಮಿಕ್ಸ್ಚರ್ ಡಬ್ಬಿ. ಹತ್ತೊಂಬತ್ತು ವರ್ಷದ ಹುಡುಗಿ, ಗೇಟಿನ ತನಕ ಹೋಗಿ ಬಂದರೆ ಏದುಸಿರು.

ಅವಳಿಗೆ ಎರಡು ವರ್ಷದಿಂದ ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ನಡೆದಿದೆ. (ಇದನ್ನು ಅವಳೇ ಓದಿ, ಒಪ್ಪಿದ ಮೇಲೆ ಬರೆಯುತ್ತಿದ್ದೇನೆ.) ಯಾರೋ ಬೈಯುತ್ತಿದ್ದಾರೆ ಅಂತ ಕಿವಿ ಮುಚ್ಚಿಕೊಂಡು ಕೂರುತ್ತಿದ್ದಳು. ಕಾಲೇಜು ಬಿಟ್ಟಳು. ಮಾತ್ರೆ ಶುರುವಾಯಿತು, ದನಿಗಳು ಅಡಗಿದವು. ಹಸಿವು ಎದ್ದಿತು. ನನ್ನ ಅಂಗಡಿಯ ಅತಿ ದೊಡ್ಡ ಸೈಜಿನ ಸ್ವೆಟರ್‌ಗೂ ಗುಂಡಿ ಹಾಕಲು ಆಗದಂತೆ ಮೈ ಬಂತು.

ನನ್ನ ಬಗ್ಗೆ ನಿಮಗೆ ಗೊತ್ತೇ ಇದೆ. ಕೂನೂರು ಬಸ್‌ಸ್ಟ್ಯಾಂಡ್ ಪಕ್ಕ ತಲೆ ಮೇಲೆ ಮೂಟೆ ಹೊತ್ತು ಸ್ವೆಟರ್ ಮಾರಿದವಳು, ಈಗ ಅಂಗಡಿ ಇಟ್ಟವಳು. ಯಾರೇ ಏನೇ ಹೇಳಲಿ, ಅರ್ಧಕ್ಕೆ ಇಳಿಸಿಯೇ ಮಾತು ಶುರು ಮಾಡುವವಳು. ಅದೇ ಕೆಟ್ಟ ಬುದ್ಧಿ ಮಾತ್ರೆಯ ಮೇಲೂ ಓಡಿತು. ಡಾಕ್ಟರ್ ಒಂದು ಅಂದರೆ ಅರ್ಧ ಸಾಕಾಗಬಹುದಲ್ಲ? ಮೈಯೂ ಇಳಿಯುತ್ತದಲ್ಲ? ಬ್ಲೇಡ್ ತೆಗೆದುಕೊಂಡು ಮಾತ್ರೆಯನ್ನು ಎರಡು ಮಾಡಿದೆ. ಯಾರಿಗೂ ಹೇಳಲಿಲ್ಲ.

ಮೂರನೇ ವಾರ ಸುಮಾ ಮತ್ತೆ ಕಿವಿ ಮುಚ್ಚಿಕೊಂಡಳು.

ಊಟಿಯ ಡಾಕ್ಟರಮ್ಮನ ಮುಂದೆ ಕೂತು ಎಲ್ಲ ಒಪ್ಪಿಕೊಂಡೆ. ಆಕೆ ಕೂಗಾಡಲಿಲ್ಲ. "ಅಮ್ಮಾ, ನನ್ನ ಹತ್ತಿರ ಎಷ್ಟು ಬೇಕಾದರೂ ಚೌಕಾಸಿ ಮಾಡಿ. ಮೈ ಬರ್ತಿದೆ ಅನಿಸಿದರೆ ಬಂದು ಜಗಳ ಆಡಿ, ಬೇರೆ ದಾರಿ ನೋಡೋಣ. ಮಾತ್ರೆ ಹತ್ತಿರ ಮಾತ್ರ ಬೇಡ" ಅಂದರು. ಟಿವಿಯನ್ನೂ ಒಮ್ಮೆಗೇ ಕಿತ್ತುಕೊಳ್ಳಬೇಡಿ, ಆ ಸದ್ದು ಅವಳಿಗೆ ಆಸರೆಯೂ ಹೌದು, ದಿನಾ ಸ್ವಲ್ಪ ನಡೆಸಿ, ಅಂದರು.

ಸರಿ, ಪೂರ್ತಿ ಮಾತ್ರೆ ಶುರು. ದನಿಗಳು ಮತ್ತೆ ಅಡಗಿದವು. ಆದರೆ ನಡೆಸುವುದು ಹೇಗೆ? "ಅರ್ಧ ಗಂಟೆ ನಡೆದರೆ ಒಂದು ಸೀರಿಯಲ್. ಹೋಗಲಿ, ಕಾಲು ಗಂಟೆ?" ಅಂದೆ.

ಸುಮಾ ತಿರುಗಿಯೂ ನೋಡಲಿಲ್ಲ. "ನಾನೇನು ಟೂರಿಸ್ಟಾ ಅಮ್ಮಾ, ಚೌಕಾಸಿ ಮಾಡೋಕೆ?"

ಹೀಗಿರುವಾಗ ಕೇಬಲ್ ನಿಂತಿದ್ದು. ಹಟ್ಟಿಯ ಕೇಬಲ್ ನೋಡಿಕೊಳ್ಳುವ ಜೋಗಿ ವೈರಿನ ಸುರುಳಿ ಹೆಗಲಿಗೆ ಹಾಕಿಕೊಂಡು ಕುಂಟುತ್ತ ನಮ್ಮ ಗೇಟಿಗೆ ಬಂದ. ನಮ್ಮ ಕಡೆ ಕೇಬಲ್‌ಗೆ ಕಂಬಗಿಂಬ ಇಲ್ಲ. ಟೀ ತೋಟದ ಮೇಲೆ ಸಿಲ್ವರ್ ಓಕ್ ಮರದಿಂದ ಮರಕ್ಕೆ ಕಟ್ಟಿರುತ್ತಾರೆ. ಎಲ್ಲಿ ಕಡಿದಿದೆ ಅಂತ ನಡೆದೇ ಹುಡುಕಬೇಕು.

"ಯಾವಾಗ ಬರುತ್ತೆ ಜೋಗಿಮಾಮ?" ಸುಮಾ ಕಿಟಕಿಯಿಂದ ಕೇಳಿದಳು.

"ನಂಗೆ ಈಗ ಕಣ್ಣು ಸರಿಯಿಲ್ಲೆ ಕೂಸು. ಮೇಲೆ ನೋಡಿ ನಡೆದರೆ ಚರಂಡಿಗೆ ಬೀಳ್ತೆ. ನೀ ಮೇಲೆ ವೈರು ನೋಡು, ನಾ ಕೆಳಗೆ ದಾರಿ ನೋಡ್ತೆ. ಬೇಗ ಬಂದರೆ ಬೇಗ ಟಿವಿ."

ಅವಳು ಚಪ್ಪಲಿ ಹಾಕಿಕೊಂಡಳು! ನಾನು ಕೊಡೆ ಹಿಡಿದು ಹಿಂದೆ ಓಡಿ, "ಕೈ ಬೀಸಿ ನಡಿ, ಉಸಿರು ಮೂಗಲ್ಲಿ ಬಿಡು" ಅಂತ ಶುರು ಹಚ್ಚಿದೆ.

ಜೋಗಿ ತಿರುಗಿ ನಿಂತ. "ಅಕ್ಕ, ನೀವು ಅಂಗಡಿ ತೆಗೀಲಿಲ್ಲೆಯಾ?"

ಬಾಯಿ ಮುಚ್ಚಿಕೊಂಡು ಹಿಂದೆ ನಡೆದೆ. ಸುಮಾಗೆ ಉಸಿರು ಕಟ್ಟಿದಾಗಲೆಲ್ಲ ಜೋಗಿಗೆ ಮಂಡಿ ನೋಯುತ್ತಿತ್ತು. ಕೂರುತ್ತಿದ್ದ. ಅವಳೂ ಕೂರುತ್ತಿದ್ದಳು. (ಅವಳ ಉಸಿರಿಗೂ ಅವನ ಮಂಡಿಗೂ ಅಷ್ಟು ಹೊಂದಾಣಿಕೆ ಹೇಗೆ ಅಂತ ನನಗೆ ಆಗಲೇ ಹೊಳೆಯಬೇಕಿತ್ತು.)

ದಾರಿಯಲ್ಲಿ ಎಲೆ ಕೀಳುವ ಹೆಂಗಸರು. "ಏನ ಜೋಗಿ, ಯಾರ ಮಗಳು? ಒಳ್ಳೆ ದಪ್ಪ ಇದ್ದಾಳೆ!" ಈ ಮಾತಿಗೆ ಹೆದರಿಯೇ ಅವಳು ಹೊರಗೆ ಕಾಲಿಡದೆ ಇದ್ದಿದ್ದು.

"ನನ್ನ ಲೈನ್‌ಮ್ಯಾನ್" ಅಂದ ಜೋಗಿ. "ಸಾಯಂಕಾಲ ಸೀರಿಯಲ್ ಬೇಕಾದರೆ ಬಾಯಿ ಮುಚ್ಚಿ ಎಲೆ ಕೀಳಿ."

ಹೆಂಗಸರು ನಕ್ಕರು. ಸುಮಾ ಕೂಡ ನಕ್ಕಳು. ಆ ನಗು ನೋಡಿ ಎಷ್ಟು ದಿನವಾಗಿತ್ತು!

ನೀರಿನ ಟ್ಯಾಂಕಿನ ಪಕ್ಕದ ಮರದಲ್ಲಿ ತುಂಡಾಗಿ ನೇತಾಡುತ್ತಿದ್ದ ವೈರನ್ನು ಕಂಡುಹಿಡಿದವಳೂ ಅವಳೇ. ಜೋಗಿ ಜಾಯಿಂಟ್ ಹಾಕಿದ. ಅಲ್ಲೇ ಸಿಗ್ನಲ್‌ಗೆ ಜೋರು ಕೊಡುವ ಒಂದು ಬೂಸ್ಟರ್ ಡಬ್ಬಿ, ಅದರಲ್ಲಿ ಸಣ್ಣ ಕೆಂಪು ದೀಪ. "ಇದು ಉರೀತಾ ಇದೆಯಾ ಅಂತ ದಿನಾ ಬೆಳಗ್ಗೆ ಒಬ್ಬರು ನೋಡಬೇಕು. ನನ್ನ ಮಂಡಿಗೆ ಆಗಲ್ಲೆ. ನೀ ನೋಡಿ ಹೇಳ್ತೀಯಾ?"

ಅಂದಿನಿಂದ ಸುಮಾ ದಿನಾ ಟ್ಯಾಂಕಿನ ತನಕ ಏರಿ, ದೀಪ ನೋಡಿ, ಜೋಗಿ ಮನೆಗೆ ಹೋಗಿ ಹೇಳಿ ಬರುತ್ತಾಳೆ. ಒಂದು ಬೆಳಗ್ಗೆಯೂ ತಪ್ಪಿಲ್ಲ. ಟಿವಿ ಈಗಲೂ ನೋಡುತ್ತಾಳೆ, ಮಧ್ಯಾಹ್ನದ ಮೇಲೆ. ತೂಕ ಇಳಿಯಿತಾ? ಸ್ವಲ್ಪ. ಸ್ವೆಟರ್‌ನ ಕೆಳಗಿನ ಎರಡು ಗುಂಡಿ ಇನ್ನೂ ಜಗಳಕ್ಕೆ ನಿಂತಿವೆ. ನಿಲ್ಲಲಿ ಬಿಡಿ. ಮನೆಯಲ್ಲಿ ಇಂಥ ಮಕ್ಕಳಿರುವವರು ನನ್ನಿಂದ ಎರಡು ಮಾತು ಕಲಿಯಿರಿ. ಡಾಕ್ಟರನ್ನು ಕೇಳದೆ ಮಾತ್ರೆ ಮುಟ್ಟಬೇಡಿ. ನಡಿ ನಡಿ ಅಂತ ಪ್ರಾಣ ತಿನ್ನಬೇಡಿ, ನಡೆದು ಮಾಡುವಂಥ ಒಂದು ಕೆಲಸ ಕೊಡಿ. (ಮಿಕ್ಸ್ಚರ್ ಡಬ್ಬಿ ಅಟ್ಟ ಸೇರಲಿ.)

ಮೊನ್ನೆ ಜೋಗಿಯ ಹೆಂಡತಿ ಅಂಗಡಿಗೆ ಬಂದಿದ್ದಳು. ಮಾತಿನ ಮಧ್ಯೆ ಬಾಯಿ ಬಿಟ್ಟಳು. ಆ ಬೂಸ್ಟರ್ ಡಬ್ಬಿ ಕೆಟ್ಟರೆ ಮೊದಲು ನಿಲ್ಲುವುದು ಅವರ ಮನೆಯ ಟಿವಿಯೇ ಅಂತೆ. ದೀಪ ನೋಡಲು ಯಾರೂ ಹೋಗಬೇಕಾಗಿಯೇ ಇಲ್ಲ!

ಮನೆಗೆ ಬಂದು ಸುಮಾಗೆ ಹೇಳಿಬಿಟ್ಟೆ. ಗುಟ್ಟು ನನ್ನ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ.

"ಗೊತ್ತಮ್ಮಾ" ಅಂದಳು. "ಮೊದಲನೇ ವಾರವೇ ಗೊತ್ತಾಯ್ತು."

"ಮತ್ತೆ ದಿನಾ ಯಾಕೆ ಹತ್ತುತ್ತೀಯ?"

"ನಾನು ಹೋಗದಿದ್ದರೆ ಜೋಗಿಮಾಮ ಆ ಮಂಡಿ ಎಳ್ಕೊಂಡು ನನ್ನ ನೋಡೋಕೆ ಇಲ್ಲಿ ತನಕ ಬರ್ತಾರಲ್ಲ, ಪಾಪ."

ಇಂಥ ಇಬ್ಬರ ನಡುವೆ ಚೌಕಾಸಿ ಮಾಡಲು ನನ್ನಂಥವಳಿಗೆ ಏನು ಉಳಿದಿದೆ, ನೀವೇ ಹೇಳಿ?